ಯಾರ ಥರವೂ ಅಲ್ಲದ ಒಂದು ಫೋಟೊ

ಬಾಗಿಲಿನ ಅಡಿಯ ಸಂದಿನಿಂದ ಬೆಳಕು ಒಂದು ಗೆರೆಯಾಗಿ ನೆಲಕ್ಕೆ ಬಿದ್ದಿದೆ, ಒಳಗೆ ಯಾರೋ ನಡೆದಾಡಿದಾಗಲೆಲ್ಲ ಗೆರೆ ತುಂಡಾಗಿ ಮತ್ತೆ ಕೂಡಿಕೊಳ್ಳುತ್ತದೆ, ಮೇಲೆಲ್ಲ ಕಪ್ಪು ಬಿಟ್ಟು ಕೆಳಗಂಚಿನಲ್ಲಿ ಈ ಬಿಳಿ ಗೆರೆಯೊಂದನ್ನು ಇಟ್ಟರೆ ಸಾಕು, ಫೋಟೊ ಆಯಿತು — ಆಯಿತು, ಆದರೆ ಅದು ಪುಸ್ತಕದಲ್ಲಿ ಕಂಡ ನೆರಳಜ್ಜನದು, ನನ್ನದಲ್ಲ, ಆ ಬಾಗಿಲಿನ ಹಿಂದೆ ಅಕ್ಕನ ಕೆನ್ನೆ ಕೊಯ್ಯುತ್ತಿದ್ದಾರೆ, ನಾನು ಇಲ್ಲಿ ಕೂತು ಬೆಳಕಿಗೆ ಚೌಕಟ್ಟು ಹಾಕುತ್ತಿದ್ದೇನೆ, ಥೂ. ಪಕ್ಕದಲ್ಲಿ ಭಾವ ಕಾಲು ಅಲ್ಲಾಡಿಸುತ್ತಲೇ ಇದ್ದಾರೆ, ಬೆಂಚಿನ ಸಾಲು ಪೂರ್ತಿ ಅದರ ಜೊತೆ ನಡುಗುತ್ತದೆ, ನನ್ನ ತೊಡೆಯ ಮೇಲಿನ ಕ್ಯಾಮೆರಾ ಕೂಡ, ಇದನ್ಯಾಕೆ ಇಲ್ಲಿಗೂ ತಂದೆ ಎಂದು ಅವರು ಕೇಳಲಿಲ್ಲ, ಟೀ ಕುಡೀತೀಯಾ ಅಂತ ಮಾತ್ರ ಕೇಳಿದರು, ಬೇಡ ಭಾವ, ಹಾಗಾದ್ರೆ ನನಗೂ ಬೇಡ ಬಿಡು, ಎಂದವರು ಎದ್ದುಹೋಗಿ ಎರಡು ಲೋಟ ತಂದರು, ಎರಡೂ ಬೆಂಚಿನ ಕೆಳಗೆ ಕೆನೆ ಕಟ್ಟಿಕೊಂಡು ಕೂತಿವೆ.

ಗಂಟು ಕೆಟ್ಟದ್ದಲ್ಲ ಎಂದಿದ್ದರು ಡಾಕ್ಟರು, ಎಡಗಿವಿಯ ಮುಂದೆ, ದವಡೆ ತಿರುಗುವ ಜಾಗದಲ್ಲಿ, ಮುಟ್ಟಿದರೆ ಹುಣಸೆಬೀಜದ ಹಾಗೆ ಜಾರುತ್ತಿದ್ದದ್ದು ನೋಡನೋಡುತ್ತ ಅಡಿಕೆಯಷ್ಟಾಗಿತ್ತು, ಗಂಟು ಕೆಟ್ಟದ್ದಲ್ಲಮ್ಮ, ಆದ್ರೆ ಮುಖ ಆಡಿಸೋ ನರ ಇದೆಯಲ್ಲ, ಅದು ಇದರ ಮಧ್ಯದಲ್ಲೇ ಹಾದುಹೋಗಿದೆ, ಎಳೆ ಎಳೆಯಾಗಿ ಬಿಡಿಸಬೇಕು, ಬಿಡಿಸೋವಾಗ ಏನಾಗುತ್ತೋ ಈಗಲೇ ಹೇಳಕ್ಕಾಗಲ್ಲ. ಅಕ್ಕ ಸುಮ್ಮನಿರುವವಳೇ, ಇಪ್ಪತ್ತು ವರ್ಷದಿಂದ ಊರವರ ಬಟ್ಟೆಯ ಹೊಲಿಗೆ ಬಿಚ್ಚಿ ಮತ್ತೆ ಹೊಲಿದವಳು, ಬಿಚ್ಚೋದೇ ಕಷ್ಟದ ಕೆಲಸ ಅಂತ ನನಗ್ಗೊತ್ತು ಡಾಕ್ಟ್ರೇ, ನಿಧಾನಕ್ಕೆ ಬಿಚ್ಚಿ, ಬಟ್ಟೆ ಹರೀಬಾರದು ಅಷ್ಟೆ, ಎಂದು ನಕ್ಕಳು, ಡಾಕ್ಟರು ತಮ್ಮ ಪೆನ್ನಿನ ತುದಿಯನ್ನು ಗಾಳಿಯಲ್ಲೇ ಅವಳ ಬಾಯಿಯತ್ತ ತೋರಿಸಿ, ನೋಡಿ, ನಿಮ್ಮ ನಗು ಎಡಗಡೆಯಿಂದ ಶುರುವಾಗುತ್ತೆ, ತೊಂದರೆಯಾದ್ರೆ ಆ ಕಡೆಯೇ ಆಗೋದು, ಎಂದರು. ಎಡಗಡೆಯಿಂದ. ಅದು ನನಗೆ ಗೊತ್ತಿರಲಿಲ್ಲ. ಹುಟ್ಟಿದಾಗಿನಿಂದ ನೋಡಿದ ಮುಖ, ಕ್ಯಾಮೆರಾ ಕೈಗೆ ಬಂದಮೇಲೆ ನಾನು ಅತಿ ಹೆಚ್ಚು ತೆಗೆದದ್ದು ಅದೇ ಮುಖ, ಆದರೆ ಅದರ ನಗು ಯಾವ ಕಡೆಯಿಂದ ಶುರುವಾಗುತ್ತದೆಂದು ಎರಡು ನಿಮಿಷ ನೋಡಿದ ಡಾಕ್ಟರು ನನಗೆ ಹೇಳಬೇಕಾಯಿತು, ಮನೆಗೆ ಹೋದವಳೇ ಕಂಪ್ಯೂಟರ್ ತೆರೆದು ಕೂತೆ, ಕಿಟಕಿ ಪಕ್ಕದ ಅಕ್ಕ, ಅರ್ಧಮುಖ ಕತ್ತಲಲ್ಲಿರುವ ಅಕ್ಕ, ಗೋಡೆಗೆ ಬೆನ್ನು ಕೊಟ್ಟ ಅಕ್ಕ, ರೆಪ್ಪೆ ಎಣಿಸುವಷ್ಟು ಹತ್ತಿರದ ಅಕ್ಕ, ಸಾವಿರಾರು, ಒಂದರಲ್ಲೂ ನಗುವಿಲ್ಲ, ಯಾಕೆಂದರೆ ಅವರ್ಯಾರ ಫೋಟೊದಲ್ಲೂ ಜನ ನಗುವುದಿಲ್ಲ.

ಅವರು ಎಂದರೆ ನನ್ನ ಮೂವರು, ಪುಸ್ತಕಗಳಲ್ಲಿ ಸಿಕ್ಕಿದ ದೊಡ್ಡ ಫೋಟೊಗ್ರಾಫರು. ಅವರ ನಿಜವಾದ ಹೆಸರು ಅಕ್ಕನ ನಾಲಿಗೆಗೆ ಹತ್ತುತ್ತಿರಲಿಲ್ಲ, ಅದಕ್ಕೆ ಅವಳೇ ನಾಮಕರಣ ಮಾಡಿದಳು, ಎಲ್ಲವನ್ನೂ ಕಪ್ಪಿನಲ್ಲಿ ಮುಳುಗಿಸಿ ಒಂದು ಮೂಗು ಒಂದು ಕೈ ಮಾತ್ರ ಮೇಲೆ ತೇಲಿಸುವವನು ನೆರಳಜ್ಜ, ಬೀದಿ ತಿರುವಿನಲ್ಲಿ ಗಂಟೆಗಟ್ಟಲೆ ನಿಂತು ಯಾರೋ ಮಳೆನೀರು ದಾಟುವುದನ್ನೇ ಕಾಯುವವನು ಕಾಯೋ ಮಾಮ, ಜನರ ಮುಖಕ್ಕೆ ಮುಖ ತಾಗುವಷ್ಟು ಹತ್ತಿರ ಹೋಗಿ ತೆಗೆಯುವವಳು ಹತ್ತಿರದಮ್ಮ. ಲೈಬ್ರರಿಯ ಮೂಲೆಯ ಕಪಾಟಿನಲ್ಲಿ ಅವರ ದಪ್ಪ ಪುಸ್ತಕಗಳು ಸಿಕ್ಕಿದ ದಿನ ನನಗೆ ಜ್ವರ ಬಂದ ಹಾಗಾಗಿತ್ತು, ಅಲ್ಲಿಯವರೆಗೆ ಫೋಟೊ ಎಂದರೆ ನಮ್ಮ ಸ್ಟುಡಿಯೊದ ಬಿಳಿ ಪರದೆ, ತಿರುಗುವ ಸ್ಟೂಲು, ಗಲ್ಲ ಸ್ವಲ್ಪ ಇಳಿಸಿ, ಕಣ್ಣು ಮಿಟುಕಿಸಬೇಡಿ, ಮುಗೀತು, ಅಷ್ಟೇ ಆಗಿತ್ತು. ನೆರಳಜ್ಜನನ್ನು ನೋಡಿದ ಮಾರನೆಯ ದಿನ ಒಬ್ಬರ ಪಾಸ್‌ಪೋರ್ಟ್ ಫೋಟೊಗೆ ಒಂದು ದೀಪ ಆರಿಸಿಬಿಟ್ಟೆ, ಮಾಲೀಕರು ಪ್ರಿಂಟ್ ಹಿಡಿದುಕೊಂಡು ಬಂದು, ಏನಮ್ಮಾ ಇದು, ಈ ಮನುಷ್ಯ ಯಾರನ್ನೋ ಕೊಂದು ಬಂದ ಹಾಗಿದಾನೆ, ನಿನ್ನ ಕಲೆ ಚಪ್ಪಲಿ ಜೊತೆ ಬಾಗಿಲಾಚೆ ಬಿಡು, ನಮಗೆ ಎರಡು ಕಿವಿ ಕಾಣ್ಬೇಕು, ಅಷ್ಟೆ. ಅಂದಿನಿಂದ ಹಗಲು ಕಿವಿಗಳು, ಸಂಜೆ ಅಕ್ಕ. ಅವಳ ಅಂಗಡಿ ನಮ್ಮ ಸ್ಟುಡಿಯೊದಿಂದ ಎರಡು ಬೀದಿ ದೂರ, ಕೆಲಸ ಮುಗಿಸಿ ಹೋಗಿ, ಅಕ್ಕಾ ಹೀಗೆ ಕೂತ್ಕೋ, ತಲೆ ಆ ಕಡೆ, ಬೆಳಕು ನೋಡ್ಬೇಡ, ಅವಳು ಬಾಯಲ್ಲಿ ಗುಂಡುಪಿನ್ನು ಕಚ್ಚಿಕೊಂಡೇ, ಇವತ್ತು ಯಾರ ಸರದಿ, ಅಜ್ಜಂದಾ, ಅಮ್ಮಂದಾ, ಎಂದು ಕೇಳುತ್ತಿದ್ದಳು, ಒಂದು ವರ್ಷ ಅಜ್ಜನದು, ಮತ್ತೊಂದು ವರ್ಷ ಅಮ್ಮನದು, ಕಾಯೋ ಮಾಮನಿಗಾಗಿ ಅವಳನ್ನು ಮಳೆ ನಿಂತ ಬೀದಿಯಲ್ಲಿ ಹಿಂದಕ್ಕೂ ಮುಂದಕ್ಕೂ ನಡೆಸಿದ್ದೇನೆ, ಸೀರೆಯ ಅಂಚೆಲ್ಲ ಕೆಸರು, ಮಾಮಂಗೆ ಹೇಳು, ಒಗೆಯೋಕೆ ಅವರೇ ಬರ್ಬೇಕು ಅಂತ.

ಭಾವನ ಕಾಲು ನಿಂತಿತು. ಬಾಗಿಲು ತೆರೆಯಿತೇ — ಇಲ್ಲ, ಯಾರೋ ತಳ್ಳುಗಾಡಿ ತಳ್ಳಿಕೊಂಡು ಹೋದರು, ಚಕ್ರವೊಂದು ಕೀಚ್ ಕೀಚ್ ಎನ್ನುತ್ತಿದೆ, ತಳ್ಳುತ್ತಿದ್ದವನ ಒಂದು ಕಾಲು ನೆಲ ಬಿಟ್ಟ ಆ ಗಳಿಗೆ, ಅಲ್ಲಿ, ಈಗ — ಮಾಮ, ಸಾಕು, ಹೋಗು. ಪುಸ್ತಕ ಮುಚ್ಚಿದರೂ ಇವರು ಹೋಗುವುದಿಲ್ಲ. ಆಯ್ಕೆ ಮಾಡುವಾಕೆಯ ಮನೆಯಿಂದ ಬಂದ ದಿನವೇ ಪುಸ್ತಕಗಳನ್ನೆಲ್ಲ ಲೈಬ್ರರಿಗೆ ಹಿಂದಿರುಗಿಸಿದ್ದೆ, ಹೊಸಬರ ಪ್ರದರ್ಶನಕ್ಕೆ ಫೋಟೊ ಆರಿಸುವ ವಯಸ್ಸಾದ ಹೆಂಗಸು ಆಕೆ, ಬೆಳ್ಳಿ ಕೂದಲು, ಕೊರಳಿಗೆ ನೇತುಬಿಟ್ಟ ಕನ್ನಡಕ, ನನ್ನ ಫೋಟೊಗಳ ಡಬ್ಬಿ ತೆರೆದು ಮೇಜಿನ ಮೇಲೆ ಇಸ್ಪೀಟು ಹಂಚಿದ ಹಾಗೆ ಹಂಚಿದಳು, ಇದು ಇಲ್ಲಿ, ಇದು ಅಲ್ಲಿ, ಮೂರು ಕಟ್ಟು, ಒಬ್ಬೊಬ್ಬರಿಗೆ ಒಂದೊಂದು, ಹಂಚುತ್ತಿದ್ದ ಹಾಗೇ ನನಗೆ ಅರ್ಥವಾಗಿ ಕಿವಿ ಬಿಸಿಯಾಯಿತು, ಕೊನೆಗೆ ಕೈ ಖಾಲಿಯಾದಾಗ ಮೇಜಿನ ನಾಲ್ಕನೆಯ ಮೂಲೆ ಹಾಗೇ ಉಳಿದಿತ್ತು, ಅದನ್ನು ಅಂಗೈಯಿಂದ ಸವರಿ, ಚೆನ್ನಾಗಿಲ್ಲ ಅಂತ ಅಲ್ಲಮ್ಮ, ತುಂಬಾ ಚೆನ್ನಾಗೇ ಬರೆದಿದೀರಿ, ಬೇರೆಯವರ ಅಕ್ಷರದಲ್ಲಿ. ಕಲಿಯುವಾಗ ಎಲ್ಲರೂ ಹಾಗೇ ಅಲ್ವಾ ಮೇಡಂ. ಹೌದು, ಎಲ್ಲರೂ ಹಾಗೇ, ನಾನೂ ಹಾಗೇ, ಆದ್ರೆ ಯಾವತ್ತಾದ್ರೂ ಒಂದು ದಿನ ನಿಮ್ಮದು ಅನ್ನೋದು ಇವರ ಮಧ್ಯದಿಂದ ತಲೆ ಹಾಕಬೇಕಲ್ಲ, ಎಂದವಳು ಎದ್ದು ನಿಂತಮೇಲೆ ಸುಮ್ಮನೆ, ಮಾತಿಗೆ ಎಂಬಂತೆ, ಎಲ್ಲದರಲ್ಲೂ ಇದಾಳಲ್ಲ, ಇವಳು ಯಾರು ಎಂದಳು. ನಮ್ಮಕ್ಕ. ಹೌದಾ? ಗೊತ್ತಾಗಲ್ಲ.

ಗೊತ್ತಾಗಲ್ಲ. ಬಸ್ಸಿನಲ್ಲಿ, ಮೆಟ್ಟಿಲು ಹತ್ತುವಾಗ, ಅನ್ನಕ್ಕೆ ಕೈಯಿಟ್ಟಾಗ, ಗೊತ್ತಾಗಲ್ಲ, ಅಕ್ಕನಿಗೆ ಹೇಳಿದರೆ ಅವಳಿಗೆ ಬೇಜಾರಾಗಬಹುದು ಎಂದುಕೊಂಡಿದ್ದೆ, ಅವಳು ಮೆಷಿನ್ನಿನ ಚಕ್ರಕ್ಕೆ ಎಣ್ಣೆ ಬಿಡುತ್ತಿದ್ದಳು, ಆಯಮ್ಮ ಸರಿಯಾಗೇ ಹೇಳಿದಾಳೆ, ಗಿರಾಕಿಗಳಿಗೆ ತೋರಿಸಿದ್ರೆ ಅವರೂ ಹಾಗೇ ಅಂತಾರೆ, ಇವರು ಯಾರು, ನಿಮ್ಮ ಅತ್ತೇನಾ ಅಂತಾರೆ, ನಾನು ಹೌದು ಅಂದ್ಬಿಡ್ತೀನಿ. ಮತ್ತೆ ನನಗೆ ಯಾಕೆ ಹೇಳ್ಲಿಲ್ಲ. ಏನು ಹೇಳೋದು, ನಿನಗೆ ಖುಷಿಯಾಗ್ತಿತ್ತು, ನನಗೂ ಅಷ್ಟು ಹೊತ್ತು ಕೂರೋಕೆ ಸಿಗ್ತಿತ್ತು. ಅದಾಗಿ ಒಂದು ತಿಂಗಳಿಗೆ ಗಂಟು, ಡಾಕ್ಟರು, ನರ, ಪೆನ್ನಿನ ತುದಿ, ಮೊನ್ನೆ ಫೋನಿನಲ್ಲಿ ಅಕ್ಕ ಬೇರೇನೋ ಮಾತಾಡುತ್ತ, ಗ್ಯಾಸ್ ಬುಕ್ ಮಾಡುವುದು, ಹೂಕುಂಡಕ್ಕೆ ನೀರು ಹಾಕುವುದು, ಅದರ ನಡುವೆಯೇ, ಆಸ್ಪತ್ರೆಗೆ ಹೋಗೋಕೆ ಮುಂಚೆ ಒಂದು ಫೋಟೊ ತೆಗೆದುಬಿಡೇ, ಎಂದಳು, ನಾನು ಸರಿ ಎಂದೆ, ಅವಳು, ಯಾರ ಥರಾನೂ ಬೇಡ, ನಂದೊಂದು, ಎಂದಳು.

ನಿನ್ನೆ ಮಧ್ಯಾಹ್ನ ಅಂಗಡಿಯ ಷಟರ್ ಅರ್ಧ ಇಳಿದಿತ್ತು. ನಾನು ಮೊದಲು ಮಾಡಿದ ಕೆಲಸವೇ ಕುರ್ಚಿಯನ್ನು ಕಿಟಕಿಯ ಪಕ್ಕಕ್ಕೆ ಎಳೆದದ್ದು, ಎಳೆದಮೇಲೆ ಅಜ್ಜ ಎಂದು ಹೊಳೆಯಿತು, ಮತ್ತೆ ನಡುವಿಗೆ ತಂದೆ, ನಡುವಿನಲ್ಲಿ ಟ್ಯೂಬ್‌ಲೈಟಿನ ಕೆಳಗೆ ಅವಳು ಸ್ಟುಡಿಯೊದ ಗಿರಾಕಿಯ ಹಾಗೆ ಮಂಡಿ ಮೇಲೆ ಕೈಯಿಟ್ಟು ಕೂತಳು, ಎರಡು ಕಿವಿಯೂ ಕಾಣುತ್ತಿದ್ದವು. ನಗು ಅಕ್ಕ. ಏನಕ್ಕೆ ನಗ್ಲಿ? ಸುಮ್ನೆ. ಸುಮ್‌ಸುಮ್ನೆ ನಗೋಕೆ ನನಗೇನು ಹುಚ್ಚಾ, ನಗೋ ಅಂಥದ್ದು ಏನಾದ್ರೂ ಹೇಳು, ಎಂದಳು, ಹತ್ತಿರ ಹೋದರೆ ಅಮ್ಮ, ದೂರ ನಿಂತರೆ ಮಾಮ, ಬಗ್ಗಿದರೂ ಎದ್ದರೂ ಈ ಚೌಕಟ್ಟು ಎಲ್ಲೋ ನೋಡಿದ್ದೇ, ಬೆವರು ಕಣ್ಣಿಗಿಳಿದು ವ್ಯೂಫೈಂಡರ್ ಮಂಜಾಯಿತು, ತೆಗೆದು ತೆಗೆದು ಅಳಿಸಿದೆ, ಅಕ್ಕ ಆಡುವ ಹಾಗೆ ತುಟಿಯನ್ನು ಕಿವಿಯವರೆಗೆ ಎಳೆದಳು, ಅದು ನಗುವಲ್ಲ, ಹಲ್ಲಿನ ಡಾಕ್ಟರ ಹತ್ತಿರ ಬಾಯಿ ತೆರೆಯುವುದು, ಕೊನೆಗೆ ಅವಳೇ ಎದ್ದಳು, ನೀನು ನಿನ್ನ ಮೂವರ ಜೊತೆ ಮಾತಾಡ್ಕೊಂಡು ಮುಗ್ಸು, ನಾನು ಇದರ ಅಂಚು ಹೊಲಿದು ಮುಗಿಸ್ತೀನಿ, ನಾಳೆ ಇದರ ಗಿರಾಕಿ ಬಂದ್ರೆ ಅಂಗಡಿ ಬಾಗಿಲು ಮುಚ್ಚಿರುತ್ತೆ. ಯಾರದೋ ಕಂದು ಲಂಗ. ಮೆಷಿನ್ನು ಓಡತೊಡಗಿತು, ನಾನು ಕತ್ತರಿಸಿದ ಬಟ್ಟೆಚೂರುಗಳ ನಡುವೆ ನೆಲಕ್ಕೆ ಕೂತುಬಿಟ್ಟೆ, ಅವಳ ಮಂಡಿಯ ಹತ್ತಿರ, ಚಿಕ್ಕವಳಿದ್ದಾಗ ಬಟನ್ ಆರಿಸಿಕೊಳ್ಳಲು ಕೂರುತ್ತಿದ್ದ ಜಾಗ, ಕ್ಯಾಮೆರಾ ಎದೆಯ ಹತ್ತಿರ ಹಾಗೇ ಇತ್ತು, ಬೆರಳು ಗುಂಡಿಯ ಮೇಲೆ ಹಾಗೇ ಇತ್ತು, ಬೆರಳಿಗೆ ಅದೊಂದು ಅಭ್ಯಾಸ, ಅಳು ಬರುತ್ತಿತ್ತು, ಅಳು ಎಂದರೆ ಸಿಟ್ಟು, ಮೆಷಿನ್ನು ನಿಂತಿತು, ಅಕ್ಕ ಬಗ್ಗಿ ಹಲ್ಲಿನಲ್ಲಿ ದಾರ ಕಡಿದಳು, ಕಡಿದವಳು ತಲೆ ಎತ್ತುವಾಗ ನನ್ನನ್ನು ನೋಡಿದಳು, ಅಲ್ಲ ಕಣೇ, ನಿನ್ನ ಕಾಲರ್ ಒಂದು ಕಡೆ ಒಳಗೆ ಮಡಚ್ಕೊಂಡಿದೆ, ಬೆಳಿಗ್ಗೆಯಿಂದ ಹಿಂಗೇ ಓಡಾಡಿದ್ಯಾ, ಇಷ್ಟು ದೊಡ್ಡವಳಾಗಿ, ಅದೂ ದರ್ಜಿಯ ತಂಗಿ — ಎನ್ನುತ್ತ ನನ್ನ ಕೊರಳಿನತ್ತ ಕೈ ಚಾಚಿದಳು, ಕ್ಯಾಮೆರಾ ಟಿಕ್ ಎಂದಿತು, ನಾನು ಒತ್ತಿದೆನೋ ಅದೇ ಒತ್ತಿಕೊಂಡಿತೋ. ಅಯ್ಯೋ, ಕೈ ಅಡ್ಡ ಬಂತು, ಇನ್ನೊಂದು ತೆಗಿ. ಬೇಡ ಅಕ್ಕ. ಯಾಕೆ. ಸಾಕು. ಅವಳು ಕಾಲರ್ ಸರಿಮಾಡಿ ಅದರ ಮೇಲೆ ಒಮ್ಮೆ ತಟ್ಟಿದಳು, ಹೊರಗೆ ಭಾವ ಷಟರ್ ಬಡಿದರು, ಗಾಡಿ ಬಂದಿದೆ, ಬನ್ನಿ.

ಅದನ್ನು ನಾನಿನ್ನೂ ನೋಡಿಲ್ಲ. ನಿನ್ನೆಯಿಂದ ಬೆರಳು ಫೋಟೊ ತೋರಿಸುವ ಗುಂಡಿಯ ತನಕ ಹೋಗಿ ಹಿಂದೆ ಬರುತ್ತದೆ, ನೋಡಿದರೆ ಅದೂ ಯಾರದೋ ಆಗಿರುತ್ತದೆ, ಅದಕ್ಕೂ ಒಂದು ಕಟ್ಟು ಇರುತ್ತದೆ, ನೋಡದಿದ್ದರೆ ಏನೂ ಇಲ್ಲದೆಯೂ ಇರಬಹುದು, ಬರೀ ಮಬ್ಬು, ಬರೀ ಕೈ — ಬಾಗಿಲು. ಈ ಸಲ ನಿಜವಾಗಿಯೂ ಬಾಗಿಲು. ಡಾಕ್ಟರು ಮುಖಗವಸು ಗಲ್ಲಕ್ಕೆ ಇಳಿಸಿಕೊಂಡು ಬಂದರು, ಭಾವ ಎದ್ದ ರಭಸಕ್ಕೆ ಒಂದು ಲೋಟ ಉರುಳಿತು, ಗಂಟು ಪೂರ್ತಿ ಬಂತು, ಅದರ ಬಗ್ಗೆ ಇನ್ನು ಯೋಚನೆ ಬೇಡ, ಕಣ್ಣು ಮುಚ್ಚೋಕೆ ಏನೂ ತೊಂದರೆ ಇಲ್ಲ, ನರದ ಕೆಳಗಿನ ಒಂದು ಎಳೆ ಮಾತ್ರ, ಗಂಟಿಗೇ ಅಂಟಿಕೊಂಡಿತ್ತು, ಉಳಿಸಕ್ಕಾಗಲಿಲ್ಲ, ಎಂದು ತಮ್ಮ ಬಾಯಿಯ ಎಡತುದಿಯನ್ನು ಮುಟ್ಟಿ ತೋರಿಸಿದರು. ಅಂದ್ರೆ ನಗೋಕಾಗಲ್ವಾ ಡಾಕ್ಟ್ರೇ, ಭಾವನ ದನಿ ಇಷ್ಟು ಸಣ್ಣದೆಂದು ನನಗೆ ಗೊತ್ತಿರಲಿಲ್ಲ. ನಗ್ತಾರೆ, ಒಂದು ಕಡೆ ನಗ್ತಾರೆ, ಇನ್ನೊಂದು ಕಡೆ ಸುಮ್ನಿರುತ್ತೆ. ಚೆಲ್ಲಿದ ಟೀ ಬೆಂಚಿನ ಕಾಲಿನವರೆಗೆ ಹರಿದು ನಿಂತಿತು, ಭಾವ ಜೇಬಿನಿಂದ ಕರವಸ್ತ್ರ ತೆಗೆದು ನೆಲ ಒರೆಸತೊಡಗಿದರು, ಯಾರೂ ಹೇಳಿರಲಿಲ್ಲ, ಒರೆಸುತ್ತಲೇ ಇದ್ದರು.

ಒಳಗೆ ಬಿಟ್ಟಾಗ ಮೊದಲು ಭಾವ ಹೋಗಿಬಂದರು, ಆಮೇಲೆ ನಾನು. ತಲೆ ಸುತ್ತ ದಪ್ಪ ಬ್ಯಾಂಡೇಜು, ಅದರೊಳಗೆ ಅವಳ ಮುಖ ಇನ್ನೂ ಚಿಕ್ಕದಾಗಿ, ಕಿಟಕಿಯ ಬೆಳಕು ಬಲಗೆನ್ನೆಯ ಮೇಲೆ — ಅಜ್ಜ ಬರಲಿಲ್ಲ, ಅಥವಾ ಬಂದಿದ್ದರೂ ಬಾಗಿಲಲ್ಲೇ ನಿಂತ. ಅಕ್ಕ. ಕಣ್ಣು ತೆರೆದಳು, ಎರಡೂ ತೆರೆದವು, ತುಟಿಯ ಅರ್ಧ ಅಲ್ಲಾಡಿತು, ಮಾತು ಆ ಅರ್ಧದಿಂದಲೇ ಸೋರಿ ಬಂತು, ಅದು ಹೇಗೆ ಬಂತು? ಯಾವುದು ಅಕ್ಕ? ಅದೇ, ಫೋಟೊ. ನೋಡಿಲ್ಲ. ಯಾಕೆ, ಹೆದರ್ಕೊಂಡ್ಯಾ, ತೋರ್ಸು. ಈಗ ಬೇಡ, ಮಲಗು. ತೋರ್ಸೇ ಅಂದ್ರೆ. ಗುಂಡಿ ಒತ್ತಿದೆ, ಪರದೆ ಬೆಳಗಿತು, ಅವಳಿಗೆ ಕಾಣುವ ಹಾಗೆ ಹಿಡಿದು ನಾನೂ ದಿಂಬಿನ ಪಕ್ಕಕ್ಕೆ ತಲೆ ಬಗ್ಗಿಸಿದೆ, ಬೆಳಕು ಪಕ್ಕದಿಂದ ಬಂದಿದೆ, ಅದು ಅಜ್ಜ ಕಲಿಸಿದ್ದು, ಇರಲಿ, ಇಷ್ಟು ಹತ್ತಿರ ಕೂರುವ ಧೈರ್ಯ ಅಮ್ಮನದು, ಬೆರಳು ಗುಂಡಿಯ ಮೇಲೆ ಕಾದದ್ದು ಮಾಮನಿಂದ, ಇರಲಿ, ಎಲ್ಲರೂ ಇದ್ದಾರೆ, ಆದರೆ ಮುಂದೆ, ಚೌಕಟ್ಟಿನ ಅರ್ಧ ತುಂಬಿಕೊಂಡು, ಮಬ್ಬಾಗಿ, ದೊಡ್ಡದಾಗಿ, ನನ್ನ ಕಡೆಗೆ ಬರುತ್ತಿರುವ ಈ ಕೈ ಯಾವ ಪುಸ್ತಕದಲ್ಲೂ ಇಲ್ಲ, ಅದರ ಹಿಂದೆ ಅವಳ ಬಾಯಿ, ಹಲ್ಲಿನ ನಡುವೆ ಕಂದು ದಾರದ ತುಣುಕು, ಎಡತುದಿ ಆಗಲೇ ಮೇಲಕ್ಕೆ ಹೋಗಿದೆ, ಬಲ ಇನ್ನೂ ಹೊರಡಬೇಕು. ಅಕ್ಕ ತುಂಬಾ ಹೊತ್ತು ನೋಡಿದಳು. ಹೇಗಿದೀನಿ, ಎಂದಳು. ಇದರಲ್ಲೋ, ಈಗಲೋ, ಅವಳು ಕೇಳಿದ್ದು ಯಾವುದು ಎಂದು ತಿಳಿಯಲಿಲ್ಲ, ಅವಳ ತಲೆ ನನ್ನ ತಲೆಗೆ ಒರಗಿದೆ, ಔಷಧಿಯ ವಾಸನೆ, ಪರದೆ ಇನ್ನೇನು ಆರುತ್ತದೆ, ಮತ್ತೆ ಒತ್ತಿದೆ, ಕೈ, ಬರುತ್ತಿರುವ ಕೈ, ಅದರ ಹಿಂದೆ ದಾರ ಕಚ್ಚಿದ ಆ ಎಡತುದಿ, ಪರದೆ ಆರಿತು, ಒತ್ತಿದೆ, ಕೈ