ಚುಕ್ಕೆಯ ಮಾತು

“ನಿಮ್ಮ ಭಾಷಣ ಕೇಳಿದ್ರ ನಿದ್ದಿ ಬರ್ತೈತ್ರಿ,” ಎಂದುಬಿಟ್ಟ ನವೀದ.

ಹುನಗುಂದದ ಕಾಲೇಜಿನ ಸ್ಟಾಫ್ ರೂಮಿನಲ್ಲಿ ಎಲ್ಲರೂ ಪ್ರಾಚಾರ್ಯರತ್ತ ತಿರುಗಿದರು. ಪ್ರಾಚಾರ್ಯರು ಸಿಟ್ಟಾಗಲಿಲ್ಲ. ಹತ್ತಿರ ಬಂದು ಬೆನ್ನು ಸವರಿ, ಗುಳಿಗೆ ತಗೊಂಡಿರಾ ಎಂದು ಕೇಳಿದರು. ಇತಿಹಾಸದ ಮೇಷ್ಟ್ರಾದ ನವೀದನಿಗೆ ಇಷ್ಟು ಮಜಾ ನೌಕರಿಯಲ್ಲಿ ಎಂದೂ ಸಿಕ್ಕಿರಲಿಲ್ಲ.

ಎಲ್ಲ ಆ ಚುಕ್ಕೆಯ ದಯೆ. ಹೋದ ವರ್ಷ ಅವನ ಮಿದುಳಿನ ಗಡ್ಡೆಗೆ ಗುರಿಯಿಟ್ಟು ಕಿರಣ ಬಿಟ್ಟಿದ್ದರು. ಗಡ್ಡೆ ಕರಗಿತೆಂದು ಮನೆಯವರು ಪೇಢೆ ಹಂಚಿ ಮುಗಿಸಿದ ಮೇಲೆ, ಅದೇ ಜಾಗದಲ್ಲಿ ಬಿಳಿ ಚುಕ್ಕೆಯೊಂದು ಸ್ಕ್ಯಾನಿನಲ್ಲಿ ಕಾಣಿಸಿಕೊಂಡಿತು. ಗಡ್ಡೆಯೇ ಮರಳಿ ಬಂದಿರಬಹುದು, ಇಲ್ಲವೇ ಪಕ್ಕದ ಒಳ್ಳೆಯ ಭಾಗ ಕಿರಣಕ್ಕೆ ಸುಟ್ಟು ಸತ್ತಿರಬಹುದು. ಚಿತ್ರ ನೋಡಿ ಯಾವುದೆಂದು ಹೇಳಲಾಗದು, ಕಾಯೋಣ ಎಂದರು ಬಾಗಲಕೋಟೆಯ ಡಾಕ್ಟರು. ಅಲ್ಲಿಯವರೆಗೆ ಬಾವು ಇಳಿಯಲು ಗುಳಿಗೆ. ಮಾತು ಸ್ವಲ್ಪ ಹದ ತಪ್ಪಬಹುದು ಎಂದೂ ಸೇರಿಸಿದರು. ನವೀದನಿಗೆ ಆ ಕೊನೆಯ ಮಾತು, ಮನಸ್ಸಿಗೆ ಬಂದದ್ದನ್ನೆಲ್ಲ ಆಡಲು ಸಿಕ್ಕ ಲೈಸೆನ್ಸಿನಂತೆ ಕಂಡಿತು.

ಮಧ್ಯಾಹ್ನ ಇಳಕಲ್ಲಿಗೆ ಮರಳಿ ಮಾವ ಚಾಂದಸಾಬರ ಸೀರೆ ಅಂಗಡಿಯಲ್ಲಿ ಕೂತ. ಅವರು ಕೈಮಗ್ಗದ್ದೆಂದು ಬಿಚ್ಚಿ ತೋರಿಸುತ್ತಿದ್ದ ಸೀರೆ ಪವರ್‌ಲೂಮಿನದು ಎಂದು ಗಿರಾಕಿಯ ಎದುರಿಗೇ ಹೇಳಿದ. ಗಿರಾಕಿ ಎದ್ದು ಹೋದ. ಚಾಂದಸಾಬರು ಕಣ್ಣೊರೆಸಿಕೊಂಡು ಅಳಿಯನಿಗೆ ಚಹಾ ತರಿಸಿದರು. ಬೈದಿದ್ದರೆ ಚೆನ್ನಾಗಿತ್ತು ಎಂದು ಅವನಿಗೆ ಮೊದಲ ಸಲ ಅನಿಸಿತು.

ಸಂಜೆ ಮನೆಯಲ್ಲಿ ಎಡಗೈಯಿಂದ ಲೋಟ ಜಾರಿ ಬಿತ್ತು. ಅದು ನಾಟಕವಾಗಿರಲಿಲ್ಲ. ನೆಲ ಒರೆಸುತ್ತಿದ್ದ ಹೆಂಡತಿಗೆ, ಮದುವೆಯಾದಾಗಿನಿಂದ ಒಮ್ಮೆಯೂ ಆಡದ ಮಾತನ್ನು ಆಡಿದ.

“ನಂಗ ಭಾಳ ಹೆದರಿಕಿ ಆಗೇತಿ, ಫರಹಾನಾ. ನೀ ಅಂದ್ರ ನಂಗ ಜೀವ.”

ಅವಳ ಕಣ್ಣು ತುಂಬಿತು. “ಹಿಂಗೆಲ್ಲಾ ಮಾತಾಡವ್ರಲ್ರಿ ನೀವು. ಆ ಚುಕ್ಕಿನ ಮಾತಾಡಸಾಕತ್ತೈತಿ,” ಎಂದು ಗುಳಿಗೆ ತರಲು ಎದ್ದಳು.

ಅಲ್ಲ, ನಾನೇ ಎನ್ನಬೇಕೆಂದುಕೊಂಡ ನವೀದ. ಆದರೆ ಅದನ್ನೂ ಚುಕ್ಕೆಯೇ ಹೇಳಿಸಿತು ಎಂದು ಅವಳು ಅಂದರೆ?

ಡಾಕ್ಟರು ಕಂಪ್ಯೂಟರಿನಲ್ಲೇ ನೋಡುತ್ತಾರೆಂದು, ಕೈಗೆ ಕೊಟ್ಟಿದ್ದ ಸ್ಕ್ಯಾನಿನ ಫಿಲ್ಮನ್ನು ಫರಹಾನಾ ಕಿಟಕಿಯ ಒಡೆದ ಗಾಜಿಗೆ ಅಂಟಿಸಿದ್ದಳು, ಧೂಳು ಬರಬಾರದೆಂದು. ಇಳಿಬಿಸಿಲಿಗೆ ಚುಕ್ಕೆ ಬೆಳಗುತ್ತಿತ್ತು. ನವೀದ ಹೋಗಿ ಅದನ್ನು ಹೆಬ್ಬೆರಳಿನಿಂದ ಮುಚ್ಚಿ ಹಿಡಿದ.

“ಈಗ ನಾನ ಮಾತಾಡಾಕತ್ತೇನಿ,” ಎಂದ.

ಫರಹಾನಾ ಗುಳಿಗೆ, ನೀರು ಹಿಡಿದು ನಿಂತಳು. “ಹೇಳ್ರಿ.”

ಬಾಯಿ ತೆರೆದ. ಹೇಳಲು ಏನೂ ಇರಲಿಲ್ಲ. ಹೆಬ್ಬೆರಳಿನ ಅಂಚಿನಲ್ಲಿ ಬೆಳಕು ಕೆಂಪಗೆ ಸೋರುತ್ತಿತ್ತು. ಹೆಬ್ಬೆರಳು ತೆಗೆದ ಕೂಡಲೇ ಮಾತು ಬಂದುಬಿಟ್ಟರೆ ಎಂದು, ಅದನ್ನು ತೆಗೆಯಲು ಅವನಿಗೆ ಧೈರ್ಯವಾಗಲಿಲ್ಲ.