ಗೋಡೆಯಾಚೆಯ ಮೀಟರು

ಮೃಗಶಿರಾ ಮಳೆ ಹಿಡಿದ ಮೊದಲ ವಾರ, ಮಂಗಳವಾರ, ಬೆಳಗ್ಗೆ ಹತ್ತೂವರೆಯ ಹೊತ್ತು. ಕೊಡಿಗೇಹಳ್ಳಿಯ ಹಳೇ ಊರಿನ ಮನೆಯಲ್ಲಿ ಚನ್ನಕೇಶವನ ಮಂಚದ ಪಕ್ಕದಲ್ಲಿದ್ದ ಆಕ್ಸಿಜನ್ ಮಷಿನ್ನು ಕುಂಯ್ ಎಂದು ಒಂದು ಸಲ ಕೂಗಿ ನಿಂತುಹೋಯಿತು.

ಗೌರಮ್ಮ ಒಲೆಯ ಮುಂದಿದ್ದಳು. ಮಷಿನ್ನಿನ ಗುರುಗುರು ಸದ್ದು ಮೂರೂವರೆ ತಿಂಗಳಿಂದ ಮನೆಯಲ್ಲಿ ಹಗಲೂ ರಾತ್ರಿ ತುಂಬಿಕೊಂಡಿತ್ತು. ಅದು ನಿಂತದ್ದೇ ಸೌಟು ಅಲ್ಲೇ ಬಿಟ್ಟು ಓಡಿದಳು. ಗಂಡ ಯಶವಂತಪುರದ ಮಂಡಿಯಲ್ಲಿ ಮೂವತ್ತೊಂದು ವರ್ಷ ಒಣಮೆಣಸಿನಕಾಯಿ ಚೀಲಗಳ ನಡುವೆ ಕೂತು ತೂಕ ಬರೆದವನು. ಆ ಧೂಳೆಲ್ಲ ಎದೆಗೆ ಇಳಿದಿತ್ತು. ಮಷಿನ್ನಿನ ಗಾಳಿ ಇಲ್ಲದೆ ಹತ್ತು ನಿಮಿಷ ಕಳೆದರೆ ಅವನ ತುಟಿ ನೇರಳೆ ಬಣ್ಣಕ್ಕೆ ತಿರುಗುತ್ತಿತ್ತು.

ಕರೆಂಟು ಹೋದ ಹೊತ್ತಿಗೆ ಇರಲಿ ಎಂದು ಮೂಲೆಯಲ್ಲಿ ಚಿಕ್ಕ ಸಿಲಿಂಡರ್ ಇತ್ತು. ನಳಿಗೆಯನ್ನು ಅದಕ್ಕೆ ಸಿಕ್ಕಿಸಿ ತಿರುಪು ತಿರುಗಿಸಿದಳು. ಶನಿವಾರದ ಗಾಳಿಮಳೆಯಲ್ಲಿ ಎರಡು ಗಂಟೆ ಅದೇ ಕೈಹಿಡಿದಿತ್ತು. ಖಾಲಿಯಾದಷ್ಟನ್ನು ತುಂಬಿಸುವವನು ಬುಧವಾರ ಬರುತ್ತೇನೆ ಎಂದಿದ್ದ. ಈಗ ನೋಡಿದರೆ ಮುಳ್ಳು ಕೆಂಪು ಗೆರೆಯ ಮೇಲೆ ಒಂದು ಭತ್ತದ ಕಾಳಿನಷ್ಟು ನಿಂತಿದೆ. ಅರ್ಧ ಗಂಟೆ ಬಂದರೆ ಹೆಚ್ಚು.

"ಮಳೆಗೆ ಹೋಗೈತೆ. ಈಗ ಬತ್ತದೆ. ಮಾತಾಡ್ಬೇಡಿ, ಸುಮ್ನೆ ಉಸಿರು ತಗೊಳ್ಳಿ," ಎಂದಳು.

ಅವನು ತಲೆಯಾಡಿಸಿ, ಕಣ್ಣಿನಲ್ಲೇ ಗೋಡೆಯ ಕಡೆ ತೋರಿಸಿದ. ಗೋಡೆಯ ಆಚೆ ಮೈದುನ ಅಶ್ವತ್ಥನ ಮನೆಯಲ್ಲಿ ಮಾರಾಟದ ದೋಸೆಹಿಟ್ಟು ರುಬ್ಬುವ ದೊಡ್ಡ ಗ್ರೈಂಡರು ಗರಗರ ತಿರುಗುತ್ತಿತ್ತು. ಬೀದಿಯಲ್ಲಿ ಕರೆಂಟಿದೆ. ಇಲ್ಲದ್ದು ಇವರೊಬ್ಬರ ಮನೆಗೆ.

ಆ ಗೋಡೆ ಎದ್ದು ನಾಲ್ಕು ವರ್ಷವಾಗಿತ್ತು. ಮಾವ ಮುನಿಶಾಮಪ್ಪ ಕಟ್ಟಿಸಿದ ಒಂದೇ ಮನೆ ಅದು. ಮುಚ್ಚಿದ ಬಾವಿಯ ಜಾಗ ಯಾರ ಪಾಲಿಗೆ ಎಂಬ ಮಾತು ಬೆಳೆದು ನಡುಮನೆಯಲ್ಲೇ ಇಟ್ಟಿಗೆ ಬಂತು, ಅಶ್ವತ್ಥ ಅದನ್ನು ಅಂಗಳಕ್ಕೂ ಎಳೆದು ಆಳೆತ್ತರದ ಕಾಂಪೌಂಡ್ ಎಬ್ಬಿಸಿದ. ಎರಡೂ ಮೀಟರುಗಳು ಹಳೇ ಜಗುಲಿಯಲ್ಲಿದ್ದವು. ಜಗುಲಿ ಅಶ್ವತ್ಥನ ಪಾಲಿಗೆ ಹೋಯಿತು, ಅದರ ಜೊತೆ ಮೀಟರುಗಳೂ ಹೋದವು. ಅವು ಇವತ್ತಿಗೂ ಇದ್ದದ್ದು ತೀರಿಕೊಂಡ ಮಾವನ ಹೆಸರಿನಲ್ಲೇ. ಹೆಸರು ಬದಲಾಯಿಸಬೇಕಾದರೆ ಅಣ್ಣತಮ್ಮ ಇಬ್ಬರೂ ಒಂದೇ ಕಾಗದಕ್ಕೆ ಸಹಿ ಹಾಕಬೇಕು. ಅವನು ಮೊದಲು ಹಾಕಲಿ ಎಂದು ಇವನು, ಇವನು ಮೊದಲು ಹಾಕಲಿ ಎಂದು ಅವನು. ಮೀಟರ್ ಓದುವವನು ಎರಡು ಬಿಲ್ಲನ್ನೂ ಆ ಜಗುಲಿಯಲ್ಲೇ ಇಟ್ಟು ಹೋಗುತ್ತಿದ್ದ. ಅಶ್ವತ್ಥನ ಹೆಂಡತಿ ಮಂಜುಶ್ರೀ ಇವರದನ್ನು ಮಡಿಸಿ, ಮಾತಿಲ್ಲದೆ, ಕಾಂಪೌಂಡ್ ಗೋಡೆಯ ಒಂದು ತೂತಿಗೆ ಸಿಕ್ಕಿಸುತ್ತಿದ್ದಳು.

ಗೌರಮ್ಮ ಬೀದಿಗೆ ಬಂದಳು. ಮಳೆ ಹನಿಯುತ್ತಿತ್ತು. ಅಶ್ವತ್ಥನ ಗೇಟಿನ ಎದುರು ಲೈನ್‌ಮನ್ ಒಬ್ಬ ಬೈಕಿನ ಮೇಲೆ ಕೂತು ಕೈಲಿದ್ದ ಬಿಲ್ಲಿನ ಮಷಿನ್ನಿನಲ್ಲಿ ಏನೋ ಒತ್ತುತ್ತಿದ್ದ. ಅವನ ಚೀಲದ ಬಾಯಲ್ಲಿ ಬಿಳಿ ಪಿಂಗಾಣಿ ಫ್ಯೂಸು ಕಾಣುತ್ತಿತ್ತು.

"ಏನಪ್ಪಾ, ನಮ್ಮನೆ ಫ್ಯೂಸ್ ಕಿತ್ತಾ?"

"ಎಡಗಡೆ ಮೀಟರ್ ನಿಮ್ದಾ ಅಮ್ಮಾ? ಬಾಕಿ ಐತೆ. ನೋಟೀಸೂ ಕೊಟ್ಟಾಗೈತೆ."

"ಬಾಕಿ ಎಲ್ಲಿಂದ ಬಂತು? ತಿಂಗ್ಳು ತಿಂಗ್ಳೂ ಕಟ್ಟಿದ್ದೀನಿ. ಒಳಗೆ ನಮ್ಮನೆಯವರು ಆಕ್ಸಿಜನ್ ಮೇಲವ್ರೆ. ಮೊದ್ಲು ಹಾಕು, ಆಮೇಲೆ ಮಾತಾಡು."

ಅವನ ಮುಖ ಇಳಿಯಿತು. "ನಂಗೆ ಗೊತ್ತಿಲ್ಲಮ್ಮಾ. ಈ ಗೇಟಲ್ಲಿ ಕೂಗ್ದೆ. ನಮ್ದು ಕಟ್ಟೈತೆ ಅಂದ್ರು. ಒಳಗೆ ಪೇಷೆಂಟ್ ಅವ್ರೆ ಅಂತ ಯಾರೂ ಹೇಳ್ಲಿಲ್ಲ." ಫೋನು ತೆಗೆದು ಯಾರಿಗೋ ಹಚ್ಚಿದ. ಆ ಕಡೆ ಬೇರೆ ಮಾತಿನಲ್ಲಿದ್ದರು. "ನಾನು ಕಾಂಟ್ರಾಕ್ಟ್ ಮೇಲಿರೋನು. ಸಾಹೇಬ್ರು ಹೂಂ ಅನ್ಬೇಕು, ಇಲ್ಲಾ ಇದ್ರಲ್ಲಿ ದುಡ್ಡು ಬಂದಿರೋದು ಕಾಣ್ಬೇಕು. ರಸೀದಿ ತೋರ್ಸಿ, ಈಗ್ಲೇ ಹಾಕ್ತೀನಿ."

ಎದುರು ಮನೆಯಲ್ಲಿ ಬ್ಲೌಸು ಹೊಲಿಯುವ ರುಖ್ಸಾರ್ ಕತ್ತಿನಲ್ಲಿ ಅಳತೆಯ ಟೇಪು ಹಾಕಿಕೊಂಡೇ ಓಡಿ ಬಂದಳು. ಫೋನಿನಲ್ಲಿ ಬಿಲ್ ಕಟ್ಟುವುದನ್ನು ಗೌರಮ್ಮನಿಗೆ ಕಲಿಸಿದವಳು ಅವಳೇ. ಅದಕ್ಕೆ ಮುಂಚೆ ಮನೆಯ ಕರೆಂಟು ಸರ್ಕಾರ ಕೊಡುವ ಉಚಿತದ ಮಿತಿಯೊಳಗೇ ಇತ್ತು, ಬಿಲ್ಲು ಬಂದರೆ ಸೊನ್ನೆ. ಮಷಿನ್ನು ಬಂದ ಮೇಲೆ ಮಿತಿ ದಾಟಿತು. ಗೋಡೆಯ ತೂತಿನಿಂದ ತಂದ ಬಿಲ್ಲು ನೋಡಿ ರುಖ್ಸಾರ್ ಒಂದು ಸಲ ನಂಬರು ಒತ್ತಿಕೊಟ್ಟಿದ್ದಳು. ಫೋನಿನಲ್ಲಿ ಮುನಿಶಾಮಪ್ಪ ಎಂದು ಮಾವನ ಹೆಸರೇ ಬಂದಿತ್ತು. ಗೌರಮ್ಮ ಕೈಮುಗಿದಂತೆ ಮಾಡಿ ದುಡ್ಡು ಕಟ್ಟಿದ್ದಳು. ಆಮೇಲೆ ಫೋನೇ ನೆನಪಿಟ್ಟುಕೊಂಡು ತಾನಾಗಿ ಬಿಲ್ಲು ತೋರಿಸುತ್ತಿತ್ತು. ಕಾಗದಕ್ಕಾಗಿ ಓರಗಿತ್ತಿಯ ಗೋಡೆಗೆ ಕೈಚಾಚುವುದು ತಪ್ಪಿತಲ್ಲ ಎಂದು ಅವಳಿಗೆ ಒಳಗೊಳಗೇ ಸಮಾಧಾನವಿತ್ತು.

ಒಂದೇ ಒಂದು ಸಂಗತಿ ಅವಳಿಗೆ ಅರ್ಥವಾಗಿರಲಿಲ್ಲ. ಎಷ್ಟು ಹಿಡಿದು ಖರ್ಚು ಮಾಡಿದರೂ ಬಿಲ್ಲು ಇಳಿಯುತ್ತಿರಲಿಲ್ಲ. ಟಿವಿ ಬಿಟ್ಟಳು. ಮಿಕ್ಸಿ ಮೇಲಿಟ್ಟು ಒರಳಿನಲ್ಲಿ ರುಬ್ಬಿದಳು. ಸಂಜೆ ಒಂದೇ ದೀಪ. ಬೇಸಿಗೆಯಲ್ಲಿ ಮಷಿನ್ನಿನ ಮುಂದೆ ಗಂಡನಿಗೆ ತಾನೇ ಬೀಸಣಿಗೆ ಬೀಸಿದಳು. ಆದರೂ ಮೇ ತಿಂಗಳಲ್ಲಿ ಇನ್ನೂ ಏರಿತು. ಈ ಮಷಿನ್ನು ಇಷ್ಟು ತಿನ್ನುತ್ತದಾ ಎಂದು ಒಬ್ಬಳೇ ಗೊಣಗಿಕೊಂಡಿದ್ದಳು.

ರುಖ್ಸಾರ್ ಗೌರಮ್ಮನ ಫೋನು ಹಿಡಿದಳು, ಲೈನ್‌ಮನ್ ಅದರ ಪಕ್ಕಕ್ಕೆ ತನ್ನ ಮಷಿನ್ನು ಹಿಡಿದ. ಹೆಸರು ಒಂದೇ. ವಿಳಾಸ ಒಂದೇ. ನಂಬರಿನ ಕೊನೆಯ ಎರಡು ಅಂಕಿ ಬೇರೆ.

"ಅಮ್ಮಾ, ನೀವು ಕಟ್ಟಿರೋದು ಬಲಗಡೆ ಮೀಟರಿಗೆ," ಎಂದ ಅವನು. "ಪಕ್ಕದ ಮನೇದು. ಮೂರು ತಿಂಗಳೂ."

ಗೌರಮ್ಮನಿಗೆ ಗ್ರೈಂಡರಿನ ಸದ್ದು ಬಿಟ್ಟು ಬೇರೇನೂ ಕೇಳಿಸಲಿಲ್ಲ. ಇಷ್ಟು ದಿನ ತಾನು ಕತ್ತಲಲ್ಲಿ ಕೂತು ಉಳಿಸಿದ್ದೆಲ್ಲ ಅಲ್ಲಿ ತಿರುಗುತ್ತಿತ್ತು. ಗೋಡೆಯ ತೂತಿಗೆ ಬೆರಳು ಹಾಕಿ ಎಳೆದಳು. ಮಳೆಗೆ ನೆಂದು ಮುದ್ದೆಯಾದ ಕಾಗದಗಳು ಬಂದವು. ಅದರಲ್ಲಿ ಯಾವುದು ಬಿಲ್ಲು, ಯಾವುದು ನೋಟೀಸು, ಈಗ ಯಾರಿಗೂ ಹೇಳಲು ಬರುತ್ತಿರಲಿಲ್ಲ.

"ಈಗ ಅದೆಲ್ಲ ಬಿಡಿ ಅಮ್ಮಾ. ಸರೀ ನಂಬರ್ ಹಾಕಿ ಕಟ್ಟೋಣ," ಎಂದಳು ರುಖ್ಸಾರ್. ಲೈನ್‌ಮನ್ ನಂಬರು ಹೇಳಿದ, ಅವಳು ಒತ್ತಿದಳು. ಗೌರಮ್ಮ ಗುಟ್ಟಿನ ನಾಲ್ಕು ಅಂಕಿ ಒತ್ತಿದಳು. ಬೆರಳು ಒದ್ದೆಯಾಗಿ ಮೊದಲ ಸಲ ತಪ್ಪಿತು, ಸೆರಗಿಗೆ ಒರೆಸಿಕೊಂಡು ಮತ್ತೆ ಒತ್ತಿದಳು. ದುಡ್ಡು ಹೋಯಿತೆಂದು ಬ್ಯಾಂಕಿನ ಮೆಸೇಜು ಬಂತು. ಬಿಲ್ಲಿನ ಪುಟದಲ್ಲಿ ಮಾತ್ರ ಸಣ್ಣ ಚಕ್ರವೊಂದು ಸುತ್ತುತ್ತಲೇ ಇತ್ತು.

"ಬಂತಾ?"

"ಇಲ್ಲಮ್ಮಾ. ಒಂದೊಂದ್ಸಲ ಲೇಟಾಗ್ತದೆ. ಅರ್ಧ ಗಂಟೆ, ಒಂದು ಗಂಟೆ." ಅವನು ಇನ್ನೊಮ್ಮೆ ಸಾಹೇಬರಿಗೆ ಫೋನು ಹಚ್ಚಿದ, ಅವರು ಎತ್ತಲಿಲ್ಲ.

ಗೌರಮ್ಮ ಒಳಗೆ ಹೋಗಿ ಬಂದಳು. ಮುಳ್ಳು ಗೆರೆಯನ್ನು ಮುಟ್ಟಿತ್ತು. ಚನ್ನಕೇಶವನ ಭುಜ ಉಸಿರಿನ ಜೊತೆ ಏರಿ ಇಳಿಯತೊಡಗಿತ್ತು.

"ಆಂಬುಲೆನ್ಸ್ ಕರೀಲಾ ಅಮ್ಮಾ?" ರುಖ್ಸಾರ್ ಕೇಳಿದಳು.

"ಕರಿ. ಈ ಮಳೇಲಿ ಹೆಬ್ಬಾಳ ದಾಟಿ ಅದು ಯಾವಾಗ ಬತ್ತದೋ. ಕರಿ."

ಹಾಗೆಂದವಳು ನಾಲ್ಕು ವರ್ಷದಿಂದ ಮುಟ್ಟದ ಗೇಟನ್ನು ತಳ್ಳಿದಳು.

ಮಂಜುಶ್ರೀ ಜಗುಲಿಯಲ್ಲಿ ಹಿಟ್ಟಿನ ಪ್ಯಾಕೆಟ್ಟುಗಳಿಗೆ ಗಂಟು ಹಾಕುತ್ತಿದ್ದಳು. ಎದ್ದೇಳಲಿಲ್ಲ. "ನಮ್ದು ಕಟ್ಟೈತೆ ಅಂದೆ, ಅವ್ನು ಇನ್ನೊಂದನ್ನ ಕಿತ್ತ. ತಿಂಗ್ಳು ತಿಂಗ್ಳೂ ಕಾಗ್ದ ಗೋಡೇಲಿ ಸಿಗ್ಸಿದ್ದೀನಿ. ಎತ್ಕೊಳ್ಳೋಕೂ ಆಗ್ದಷ್ಟು ದೊಡ್ಡೋರಾಗ್ಬಿಟ್ರಾ?"

"ಮೊದಲ್ನೇ ಸಲ ನೀನು ಸಿಗ್ಸಿದ್ದು ಯಾವ ಕಾಗ್ದ ಮಂಜು?"

ಮಂಜುಶ್ರೀಯ ಕೈ ನಿಂತಿತು. "ಎರಡ್ರಲ್ಲೂ ಮಾವನ ಹೆಸ್ರೇ ಇತ್ತಲ್ಲ," ಎಂದಳು, ಈಗ ದನಿ ತಗ್ಗಿತ್ತು. "ಯಾವ್ದು ಅಂತ ನಾನೇನು ಕಂಡೆ ಅಕ್ಕಾ?"

ಸದ್ದು ಕೇಳಿ ಅಶ್ವತ್ಥ ಒಳಗಿಂದ ಬಂದ. ಬನಿಯನ್ನಿನ ತುಂಬ ಹಿಟ್ಟು. ಅತ್ತಿಗೆಯನ್ನು ತನ್ನ ಜಗುಲಿಯಲ್ಲಿ ಕಂಡು ಕೈ ಒರೆಸಿಕೊಂಡ.

"ಬನ್ನಿ ಅತ್ತಿಗೆ. ನಾನೇ ಬರ್ಬೇಕು ಅಂತಿದ್ದೆ. ಅಣ್ಣ ಮೂರು ತಿಂಗ್ಳಿಂದ ನಮ್ ಬಿಲ್ ಕಟ್ತಾವ್ನಲ್ಲ. ಮೊದಲ್ನೇ ಸಲ ಬ್ಯಾಂಕ್ನೋರೇ ಏನೋ ತಪ್ಪು ಮಾಡವ್ರೆ ಅಂದ್ಕೊಂಡೆ. ಎರಡ್ನೇ ಸಲ ಗೊತ್ತಾಯ್ತು, ಅಣ್ಣನೇ ಅಂತ. ಮೊದ್ಲೆಲ್ಲ ಎರಡು ಮೀಟರಿಂದೂ ಅವನೇ ಕ್ಯೂ ನಿಂತು ಕಟ್ತಿದ್ದ ನೋಡಿ. ನಮ್ ನಂಬ್ರ ಇನ್ಯಾರಿಗೆ ಗೊತ್ತು? ಬಾಯ್ಬಿಟ್ಟು ಕರೀಲಿ, ಆಮೇಲೆ ಹೋಗಾನ ಅಂತ ಕೂತಿದ್ದೆ." ಅವನು ಗೋಡೆಯ ಕಡೆ ತಿರುಗಿದ. "ಎಂಗವ್ನೆ ಅಣ್ಣ?"

ಗೌರಮ್ಮನ ನಾಲಗೆಯ ತುದಿಗೆ ನಿಜ ಬಂತು. ಅದನ್ನು ಹೇಳಿದರೆ ಈ ಮನುಷ್ಯನ ಮುಖ ಏನಾಗುತ್ತದೋ, ಕಾಲು ಮುಂದೆ ಬರುತ್ತದೋ ಹಿಂದೆ ಹೋಗುತ್ತದೋ, ಯಾರು ಬಲ್ಲರು? ಲೆಕ್ಕ ಹಾಕುತ್ತ ನಿಲ್ಲಲು ಅವಳಿಗೆ ಹೊತ್ತಿರಲಿಲ್ಲ.

"ಮಷಿನ್ನು ನಿಂತೈತೆ ಅಶ್ವತ್ಥ. ಸಿಲಿಂಡರ್ ಮುಗೀತು. ನಿಮ್ಮಣ್ಣನಿಗೆ ಉಸಿರಿಲ್ಲ. ಕರೆಂಟು ಬೇಕು."

ಅವನು ತಿರುಗಿ ಓಡಿದ. ಒಳಗೆ ಹೋಗಿ ಗ್ರೈಂಡರಿನ ಸ್ವಿಚ್ಚು ಆರಿಸಿದ. ಮದುವೆ ಆರ್ಡರಿಗೆ ದೂರ ಒಯ್ಯುತ್ತಿದ್ದ ಉದ್ದನೆಯ ವೈರಿನ ಸುರುಳಿಯನ್ನು ಹೆಗಲಿಗೆ ಹಾಕಿಕೊಂಡು, ಒಂದು ತುದಿ ಹೆಂಡತಿಯ ಕೈಗೆ ಕೊಟ್ಟು, "ಒಣಗಿರೋ ಪ್ಲಗ್ಗಿಗೆ ಹಾಕು, ನಾನು ಕೂಗೋವರ್ಗೂ ಸ್ವಿಚ್ ಒತ್ಬೇಡ," ಎಂದ. ಗೇಟಿನ ಸುತ್ತು ಹಿಡಿಯಲಿಲ್ಲ. ಹಿಟ್ಟಿನ ಡ್ರಮ್ಮಿನ ಮೇಲೆ ಬರಿಗಾಲು ಇಟ್ಟು, ಐವತ್ತೆಂಟು ವರ್ಷದ ಮನುಷ್ಯ, ತಾನೇ ಕಟ್ಟಿಸಿದ ಗೋಡೆ ಹತ್ತಿ ಆ ಕಡೆ ಧುಮುಕಿದ. ಮೊಣಕಾಲು ತರಚಿತು. ಕಿಟಕಿಯ ಸರಳುಗಳ ನಡುವೆ ವೈರು ತೂರಿಸಿದ.

ಗೌರಮ್ಮ ಬೀದಿಯಿಂದ ಸುತ್ತಿಕೊಂಡು ಓಡಿ ಬರುವಷ್ಟರಲ್ಲಿ ಚನ್ನಕೇಶವನ ತುಟಿ ಬಣ್ಣ ಬದಲಿಸಿತ್ತು. ಸಿಲಿಂಡರಿನ ಸುಯ್ ಸದ್ದು ಸಣ್ಣಗಾಗಿ, ಇದೆಯೋ ಇಲ್ಲವೋ ಎನ್ನುವಂತಿತ್ತು. ಅಶ್ವತ್ಥ ಮಂಡಿಯೂರಿ ಮಷಿನ್ನಿನ ಪಿನ್ನು ಸಿಕ್ಕಿಸುತ್ತಿದ್ದ. ಅವಸರಕ್ಕೆ ತೂತು ಸಿಗಲಿಲ್ಲ. ಗೌರಮ್ಮ ಅವನ ಕೈಮೇಲೆ ಕೈಯಿಟ್ಟು ಒತ್ತಿದಳು.

"ಒತ್ತೇ," ಎಂದು ಅವನು ಕಿಟಕಿಗೆ ಕೂಗಿದ.

ಮಷಿನ್ನು ಕುಂಯ್ ಎಂದಿತು. ಆಮೇಲೆ ಗುರುಗುರು ಹಿಡಿಯಿತು. ಗೌರಮ್ಮ ನಳಿಗೆ ಬದಲಿಸಿ ಗಂಡನ ಎದೆಯ ಮೇಲೆ ಅಂಗೈ ಇಟ್ಟಳು. ಒಂದು, ಎರಡು, ಹತ್ತು, ಇಪ್ಪತ್ತು ಉಸಿರು ಎಣಿಸಿದ ಮೇಲೆ ಆ ತುಟಿಗೆ ಸ್ವಲ್ಪ ಸ್ವಲ್ಪವೇ ರಕ್ತ ಬಂತು.

ಬಾಗಿಲಲ್ಲಿ ರುಖ್ಸಾರ್ ಕರೆಂಟು ಆಫೀಸಿನ ದೂರಿನ ನಂಬರಿಗೆ ಫೋನಿನಲ್ಲಿ ಹೇಳುತ್ತಿದ್ದಳು: "ನಂಬರ್ ತಪ್ಪಾಗಿತ್ತು ಸಾರ್. ಪಕ್ಕದ ಮನೇದಕ್ಕೆ ಕಟ್ಬಿಟ್ಟಿದ್ದಾರೆ, ಮೂರು ತಿಂಗಳಿಂದ. ಹೆಸರು ಒಂದೇ ಅಲ್ವಾ, ಗೊತ್ತಾಗ್ಲಿಲ್ಲ. ಈಗ ಸರೀದಕ್ಕೆ ಕಟ್ಟಿದ್ದೀವಿ." ಗೌರಮ್ಮ ಕಣ್ಣು ಅಗಲಿಸಿದಳು. ರುಖ್ಸಾರ್ ಬಾಯಿ ಮುಚ್ಚಿಕೊಂಡಳು. ಹೊತ್ತು ಮೀರಿತ್ತು.

ಅಶ್ವತ್ಥ ನೆಲದಲ್ಲೇ ಕೂತಿದ್ದ. ಕೇಳಿಸಿಕೊಂಡದ್ದು ಅವನ ಬೆನ್ನಿನಲ್ಲೇ ಗೊತ್ತಾಯಿತು. ತರಚಿದ ಮೊಣಕಾಲನ್ನು ನೋಡಿಕೊಂಡ. ಮೂರು ತಿಂಗಳು ಮನಸ್ಸಿನಲ್ಲಿ ಇಟ್ಟುಕೊಂಡಿದ್ದನ್ನು ಎಲ್ಲಿ ಇಳಿಸಲಿ ಎನ್ನುವವನ ಹಾಗಿದ್ದ. ಏಳಲು ಒಂದು ಕೈ ನೆಲಕ್ಕೆ ಊರಿದ.

ಆಗ ಚನ್ನಕೇಶವ ಮೂಗಿನ ನಳಿಗೆಯನ್ನು ಒಂದು ಬೆರಳಿನಿಂದ ಸರಿಸಿದ. ಗೌರಮ್ಮ ತಡೆಯಲು ಹೋದಳು. ಅವಳ ಕೈಯನ್ನು ತಳ್ಳಿದ. ಮೂರು ಕಂತಿನಲ್ಲಿ, ಒಂದೊಂದು ಕಂತಿಗೂ ಎದೆ ಎಳೆದುಕೊಂಡು, ಮಾತಾಡಿದ.

"ನಾನೇ... ಅಂದಿದ್ದು. ತಮ್ಮಂದು... ಮೊದ್ಲು ಕಟ್ಟು ಅಂತ. ಇವ್ಳು... ನಮ್ದು ಮರೆತ್ಲು."

ಗೌರಮ್ಮನಿಗೆ ಗೊತ್ತಿತ್ತು. ಕರೆಂಟು ಬಿಲ್ಲಿನ ಸುದ್ದಿಯನ್ನು ಆ ಮನುಷ್ಯ ಮೂರು ತಿಂಗಳಲ್ಲಿ ಒಂದು ದಿನವೂ ಕೇಳಿರಲಿಲ್ಲ. ಅಶ್ವತ್ಥ ಗ್ರೈಂಡರಿನ ಸದ್ದಿಗೆ ದನಿಯೆತ್ತಿ ಜಗುಲಿಯಲ್ಲಿ ಆಡಿದ ಮಾತೆಲ್ಲ ಗೋಡೆಯ ಈಚೆ ಮಲಗಿದವನಿಗೆ ಕೇಳಿಸಿತ್ತು, ಅಷ್ಟೇ. ಉಸಿರು ಸಾಲದ ಹೊತ್ತಿನಲ್ಲಿ ಇದ್ದಬದ್ದ ಉಸಿರನ್ನೆಲ್ಲ ತೆಗೆದು ಆ ಒಂದು ಸುಳ್ಳಿಗೆ ಹಾಕಿದ್ದ. ಅವಳು ನಳಿಗೆಯನ್ನು ಮತ್ತೆ ಮೂಗಿಗೆ ಸಿಕ್ಕಿಸಿ, "ಹೂಂ, ಮರೆತೆ," ಎಂದಳು.

ಅಶ್ವತ್ಥ ಅಣ್ಣನ ಮುಖ ನೋಡಿದ, ಅತ್ತಿಗೆಯ ಮುಖ ನೋಡಿದ. ಊರಿದ ಕೈಯನ್ನು ತೆಗೆದು ಮಂಚದ ಕಾಲಿಗೆ ಒರಗಿಕೊಂಡ. "ಅತ್ತಿಗೆಗೆ ಯಾವತ್ತೂ ಮರೆವು ಜಾಸ್ತಿ ಕಣಣ್ಣ," ಎಂದ. "ಕಾಫಿಗೆ ಸಕ್ರೆ ಹಾಕೋದೂ ಮರೀತಿದ್ರು. ಈಗ್ಲೂ ಅಂಗೇನಾ ನೋಡಾನ, ಒಂದ್ಲೋಟ ಕೊಡಿ ಅತ್ತಿಗೆ."

ಆಂಬುಲೆನ್ಸಿನವರು ಬಂದು, ಬೆರಳಿಗೆ ಕ್ಲಿಪ್ಪು ಹಾಕಿ ನೋಡಿ, ಈಗ ಬೇಕಿಲ್ಲ ಎಂದು ಹೋದರು. ಸುತ್ತುತ್ತಿದ್ದ ಚಕ್ರ ನಿಂತು ದುಡ್ಡು ಬಂತೆಂದು ಕಾಣಿಸಿದ್ದು ಒಂದೂವರೆಗೆ. ಲೈನ್‌ಮನ್ ಅಲ್ಲಿಯವರೆಗೂ ಬೀದಿ ಬಿಟ್ಟು ಕದಲಿರಲಿಲ್ಲ. ಫ್ಯೂಸು ಹಾಕಿ, ಕಿಟಕಿಯಲ್ಲಿ ತೂರಿದ್ದ ವೈರು ನೋಡಿ, "ಇದನ್ನ ನಾನು ನೋಡಿಲ್ಲ, ಸಂಜೆಯೊಳಗೆ ತೆಗೀರಿ," ಎಂದು ಬೈಕು ಹತ್ತಿದ. ಮಂಜುಶ್ರೀ ಗೋಡೆಯ ಮೇಲಿಂದ ಒಂದು ಪ್ಯಾಕೆಟ್ಟು ಹಿಟ್ಟು ಇಳಿಸಿದಳು. ರುಖ್ಸಾರ್ ಸರಿಯಾದ ನಂಬರನ್ನು ಸುಣ್ಣದ ಗೋಡೆಯ ಮೇಲೆ, ಕ್ಯಾಲೆಂಡರಿನ ಪಕ್ಕದಲ್ಲಿ, ತನ್ನ ನೀಲಿ ಟೈಲರ್ ಚಾಕಿನಿಂದ ದಪ್ಪಗೆ ಬರೆದು ಹೋದಳು.

ಅಶ್ವತ್ಥ ಅಣ್ಣನ ಹತ್ತಿರ ಕೂತೇ ಇದ್ದ. ಸಂಜೆ ಮಳೆ ಬಿಟ್ಟ ಮೇಲೆ ವೈರು ಸುತ್ತಿ ಹೆಗಲಿಗೇರಿಸಿಕೊಂಡ. ಬರಿಗಾಲಲ್ಲಿ ಬಂದಿದ್ದನಲ್ಲ, ಬಾಗಿಲ ಬಳಿ ಬಹಳ ದಿನದಿಂದ ಯಾರೂ ಮೆಟ್ಟದೆ ಇದ್ದ ಅಣ್ಣನ ಚಪ್ಪಲಿಯನ್ನು ಧೂಳು ಕೊಡವಿ ಮೆಟ್ಟಿಕೊಂಡ. ಗೇಟು ತೆಗೆದು, ಬೀದಿಯ ಕಡೆಯಿಂದ, ಆ ಮಂಗಳವಾರ ಆ ಮನೆಯಿಂದ ಎಲ್ಲರಿಗಿಂತ ಕೊನೆಗೆ ಹೊರಟವನು ಅವನೇ.