ಸೋಮಲಿಂಗ ಕೇಳಿದ ನಿದ್ದೆ

"ಪೂರಾ ಮಲಗಿಸಿಬಿಡ್ರಿ ಬಾಯಾರ," ಎಂದು ಅವನು ಎರಡನೆಯ ಸಲ ಕೇಳುವಾಗ ಅರಿವಳಿಕೆಯ ಡಾಕ್ಟರ್ ನಿಖತ ಸೂಜಿಯನ್ನು ಆಗಲೇ ಕೈಗೆತ್ತಿಕೊಂಡಿದ್ದಳು.

"ಕೈಯಷ್ಟ ಜೋಮು ಹಿಡಿಸಿದ್ರ ಸಾಕು. ನೋವು ಆಗೂದಿಲ್ಲ."

"ನೋವಿನ ಮಾತಲ್ರಿ. ನಿದ್ದಿ ಬೇಕಾಗೇತಿ."

ಆಪರೇಷನ್ ಕೋಣೆಯ ತಂಪಿಗೆ ಅವನ ಮೈಮೇಲೆ ಮುಳ್ಳೆದ್ದಿತ್ತು. ಹೆಸರು ಸೋಮಲಿಂಗ. ಉದ್ಯಮಬಾಗದ ಫೌಂಡ್ರಿಯೊಂದರಲ್ಲಿ ಕರಗಿದ ಕಬ್ಬಿಣ ಸುರಿಯುವ ಕೆಲಸ. ನಿನ್ನೆ ಮಧ್ಯಾಹ್ನ ಭಟ್ಟಿಯ ಮುಂದೆ ತಲೆ ಸುತ್ತಿ ಬಿದ್ದಿದ್ದ. ಅಚ್ಚಿನ ಪೆಟ್ಟಿಗೆಯೊಂದು ಎಡಗೈ ಬೆರಳುಗಳ ಮೇಲೆ ಉರುಳಿತ್ತು. ತಲೆ ಏಕೆ ಸುತ್ತಿತೆಂದು ಯಾರೂ ಕೇಳಿರಲಿಲ್ಲ. ಕೇಳುವಂಥದ್ದೇನಿತ್ತು? ಈ ವರ್ಷ ಬೇಸಿಗೆಯ ಅಡ್ಡಮಳೆ ಒಂದೂ ಬಿದ್ದಿರಲಿಲ್ಲ. ಫ್ಯಾನೇ ಬೇಕಾಗದಷ್ಟು ತಂಪಿದ್ದ ಬೆಳಗಾವಿಯಲ್ಲಿ ಬೆಳೆದ ಹುಡುಗಿ ನಿಖತ. ಈಗ ಎಸಿ ಬಂದ್ ಮಾಡಿದರೆ ಅವಳ ಅಮ್ಮಿ ಬೈಯುತ್ತಾಳೆ.

"ತಗಡಿನ ಖೋಲಿರಿ ನಮ್ದು. ರಾತ್ರಿ ಎದ್ದ ಕುಂತಿರ್ತೀನಿ. ಉಗಾದಿ ಆದಾಗಿಂದ ಹಿಂಗ. ಇಲ್ಲಿ ತಂಪೈತಿ. ಒಂದ ತಾಸ ಮಲಗಿಸ್ರಿ, ಸಾಕು."

"ಊರು ಯಾವುದು ನಿಮ್ದು?"

"ಖಾನಾಪುರ ದಾಟಿ, ಜಾಂಬೋಟಿ ಕಡೇ ರೀ. ಅಲ್ಲೆ ಈ ದಿನದಾಗೂ ಕಂಬಳಿ ಹೊದಿತಿದ್ವಿ."

"ಈಗ?"

"ಈಗ ಅಲ್ಲೂ ಆಗೂದಿಲ್ರಿ."

ಮಲಗಿಸಬಹುದಿತ್ತು. ಅರಿವಳಿಕೆಯ ಯಂತ್ರ ಪಕ್ಕದಲ್ಲೇ ಇತ್ತು. ಆದರೆ ಹೋದ ತಿಂಗಳು ಹುಬ್ಬಳ್ಳಿಯಲ್ಲಿ, ವೈದ್ಯರ ಸಭೆಯಲ್ಲಿ, ಅವಳೇ ಮಾತಾಡಿದ್ದಳು: ರೋಗಿಯನ್ನು ಮಲಗಿಸುವ ಗ್ಯಾಸು ಅವನ ಮೈಯಲ್ಲಿ ಉಳಿಯುವುದಿಲ್ಲ, ಉಸಿರಿನೊಂದಿಗೆ ಹೊರಬಂದು ಆಕಾಶ ಸೇರಿ ಭೂಮಿಯನ್ನು ಕಾಯಿಸುತ್ತದೆ, ಆದ್ದರಿಂದ ಸೂಜಿಯಲ್ಲಿ ಮುಗಿಯುವ ಕಡೆ ಗ್ಯಾಸು ಬೇಡ. ಚಪ್ಪಾಳೆ ಬಿದ್ದಿತ್ತು. ಆ ಹಾಲ್ ಎಷ್ಟು ತಣ್ಣಗಿತ್ತೆಂದರೆ ಅವಳು ಸನ್ಮಾನದ ಶಾಲು ಹೊದ್ದುಕೊಂಡೇ ಊಟ ಮಾಡಿದ್ದಳು.

"ನಿಮಗ ಇದ ಛಲೋ," ಎಂದಳು.

ಸುಳ್ಳಲ್ಲ. ಸುರಕ್ಷಿತವೂ ಹೌದು. ಆದರೆ ಆ ಮಾತು ಅವನಿಗಾಗಿ ಬಂತೋ, ಚಪ್ಪಾಳೆಗಾಗಿ ಬಂತೋ, ಅವಳಿಗೇ ಗೊತ್ತಾಗಲಿಲ್ಲ. ಕಂಕುಳಿಗೆ ಸೂಜಿ ಇಳಿಸಿದಳು. ನಿದ್ದೆ ಬರಿಸುವ ಸಣ್ಣ ಇಂಜೆಕ್ಷನ್ ಒಂದನ್ನಾದರೂ ಕೊಡೋಣವೆಂದು ಯೋಚಿಸುತ್ತಿರುವಾಗ ಸರ್ಜನ್ ನಾಗಲಿಂಗ ಕೈಗವಸು ತೊಟ್ಟು ಬಂದ.

"ಶುರು ಮಾಡೂಣೇನ್ರಿ?"

"ಹೂಂ."

ಹಸಿರು ಬಟ್ಟೆಯ ಪರದೆಯ ಈಚೆ ಸೋಮಲಿಂಗನ ಮುಖ, ಆಚೆ ಅವನ ಕೈ. ಅವನು ದೀಪ ನೋಡುತ್ತಿದ್ದ. ಸ್ವಲ್ಪ ಹೊತ್ತಿಗೆ ನಾಗಲಿಂಗ ಮೆಲ್ಲಗೆ, "ಎರಡು ಹೋದ್ವು," ಎಂದ. ಆಮೇಲೆ ಎಲುಬು ಕತ್ತರಿಸುವ ಸದ್ದು.

"ಏನ್ ಹೋದ್ವು ಬಾಯಾರ?"

"ಏನಿಲ್ಲ. ಸುಮ್ನ ಮಲಗ್ರಿ."

ಹೇಳಿದ ಮೇಲೆ ಆ ಮಾತು ಅವಳ ಕಿವಿಗೇ ಬಡಿಯಿತು. ಅವಸರದಿಂದ ಇಂಜೆಕ್ಷನ್ ಕೊಟ್ಟಳು. ಅವನ ಕಣ್ಣು ಮಂಜಾದವು, ಮುಚ್ಚಲಿಲ್ಲ. ಮತ್ತೊಮ್ಮೆ ಅದೇ ಸದ್ದು ಬಂದಾಗ ಅವನ ತುಟಿ ಅಲುಗಿತು.

ಮಧ್ಯಾಹ್ನ ಆಸ್ಪತ್ರೆಯ ಟ್ರಸ್ಟಿಯ ತಂಗಿ ಕಾಂತಾಬಾಯಿ ಬಂದರು. ಮಣಿಕಟ್ಟಿನ ಮೇಲೊಂದು ಸಣ್ಣ ಗಂಟು. ಸೂಜಿಯೊಂದೇ ಸಾಕಾಗುತ್ತಿತ್ತು.

"ನನಗ ಏನೇನೂ ತಿಳೀಬಾರ್ದು ನೋಡವಾ. ಪೂರಾ ಮಲಗಿಸು."

ನಿಖತಳ ನಾಲಿಗೆಯ ಮೇಲೆ ಹುಬ್ಬಳ್ಳಿಯ ಭಾಷಣ ಸಿದ್ಧವಾಗಿತ್ತು. ನಾಗಲಿಂಗ ಅವಳತ್ತ ನೋಡಿದ.

"ಆಗ್ಲಿ ರೀ," ಎಂದಳು. ಗ್ಯಾಸಿನ ಗುಂಡಿ ತಿರುವಿದಳು. ಕಾಂತಾಬಾಯಿಯ ಬಿಗಿದ ಹಣೆ ಸಡಿಲವಾಯಿತು.

"ನಿಮ್ಮ ಆಕಾಶದ ಗತಿ ಏನ್ರಿ ಮ್ಯಾಡಂ?" ನಾಗಲಿಂಗ ನಕ್ಕ. ಅವಳೂ ನಕ್ಕಳು. ನಗು ಸಹಜವಾಗಿಯೇ ಬಂತು. ಅದೇ ಅವಳನ್ನು ಹೆದರಿಸಿತು.

ಮನೆಗೆ ಹೊರಟವಳು ಜನರಲ್ ವಾರ್ಡಿನ ಕಡೆ ಹೊರಳಿದಳು. ಕರೆಂಟ್ ಹೋಗಿತ್ತು, ಗೋಡೆಗಳು ಹಗಲಿಡೀ ಕುಡಿದ ಬಿಸಿಯನ್ನು ಈಗ ಹೊರಬಿಡುತ್ತಿದ್ದವು. ಸೋಮಲಿಂಗನ ಹೆಂಡತಿ ಪ್ರಮಿಳಾ ಊರಿನಿಂದ ಖಾನಾಪುರದ ಬಸ್ಸಿನಲ್ಲಿ ಬಂದಿಳಿದಿದ್ದಳು. ಸೆರಗಿನಿಂದ ಗಾಳಿ ಹಾಕುತ್ತಿದ್ದಳು. ಅವನು ಕಣ್ಣು ತೆರೆದೇ ಮಲಗಿದ್ದ.

"ಎರಡು ಬಟ್ಟ ತಗದಾರಂತಲ್ರಿ. ಫೌಂಡ್ರಿಯವ್ರು ಮತ್ತ ಕೆಲಸಕ್ಕ ಕರಕೋತಾರೇನ್ರಿ?" ಎಂದಳು ಪ್ರಮಿಳಾ.

"ಸರ್ಜನ್ ಸಾಹೇಬ್ರು ಹೇಳ್ತಾರ."

"ನೀವ ಅಲ್ಲೇನ್ರಿ ಮಲಗಿಸೋ ಡಾಕ್ಟ್ರು?"

"ಕೆಲವು ದಿನ ಊರಿಗೆ ಕರಕೊಂಡ ಹೋಗ್ರಿ. ತಂಪಿರ್ತದ."

ಪ್ರಮಿಳಾಳ ಸೆರಗು ಗಾಳಿ ಹಾಕುವುದನ್ನು ನಿಲ್ಲಿಸಿತು.

ಅಷ್ಟರಲ್ಲಿ ಸೋಮಲಿಂಗನ ಎಡಗೈ ಮಂಚದಿಂದ ಜಾರಿ ಜೋತುಬಿತ್ತು. ಸೂಜಿಯ ಜೋಮು ಇನ್ನೂ ಇಳಿದಿರಲಿಲ್ಲ, ಅವನಿಗೆ ಗೊತ್ತೇ ಆಗಲಿಲ್ಲ. ನಿಖತ ಬಗ್ಗಿ ಅದನ್ನು ಎತ್ತಿದಳು. ಒಂದು ಕೈ ಇಷ್ಟು ಭಾರವಿರುತ್ತದೆಂದು ಅವಳಿಗೆ ತಿಳಿದಿರಲಿಲ್ಲ. ಅವನ ಎದೆಯ ಮೇಲಿಟ್ಟಳು.

ಅವನು ಬಲಗೈಯಿಂದ ಅದನ್ನು ಮುಟ್ಟಿ ನೋಡಿದ. "ಯಾರ್ದ್ರಿ ಇದು?"

"ನಿಮ್ದ."

"ಅಲ್ರಿ," ಎಂದ. ಸಿಟ್ಟಿಲ್ಲದೆ, ಬೇರೆಯವರ ಸಾಮಾನು ತಿರುಗಿಸಿ ಕೊಡುವವನಂತೆ, ಅದನ್ನು ಅವಳ ಕಡೆಗೆ ನೂಕಿದ.

ಅವಳು ಎರಡೂ ಕೈಗಳಿಂದ ಹಿಡಿದುಕೊಂಡಳು. ಪ್ರಮಿಳಾ ಕೈ ಚಾಚಲಿಲ್ಲ. ಏನೂ ಅರಿಯದ ಆ ಕೈ, ಜ್ವರ ಬಂದಂತೆ ಸುಡುತ್ತಿತ್ತು.